ಕ್ಯೋಟೋದ ಮೊದಲ ಎರಡು ವಾರ: ವಿನಿಮಯ ವಿದ್ಯಾರ್ಥಿನಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಹಾಸನದವಳು, ಬೆಂಗಳೂರಿನ ವಿಶ್ವವಿದ್ಯಾಲಯವೊಂದರಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೇನೆ. ವಿನಿಮಯ ವಿದ್ಯಾರ್ಥಿನಿಯಾಗಿ ಒಂದು ವರ್ಷದ ಅವಧಿಗೆ ಕ್ಯೋಟೋದ ವಿಶ್ವವಿದ್ಯಾಲಯಕ್ಕೆ ಆಯ್ಕೆಯಾಗಿದ್ದೇನೆ. ಸೆಪ್ಟೆಂಬರ್ ಕೊನೆಯಲ್ಲಿ ಹೊರಡಬೇಕು. ಅಕ್ಟೋಬರ್ ಮೊದಲ ವಾರ ತರಗತಿಗಳು ಆರಂಭ. ವೀಸಾಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರ ಕೈಸೇರಿದೆ. ಜಪಾನಿ ಭಾಷಾ ಪರೀಕ್ಷೆಯಲ್ಲಿ ಎನ್5 ಎಂಬ ಆರಂಭದ ಮಟ್ಟ ಮಾತ್ರ ಪಾಸಾಗಿದೆ. ಅಲ್ಲಿ ಪಾಠ ಹೇಗೆ ಶುರುವಾಗುತ್ತದೆ, ಎಷ್ಟು ವಿಷಯ ತೆಗೆದುಕೊಳ್ಳಬೇಕು, ತರಗತಿಯಲ್ಲಿ ಮಾತನಾಡದಿದ್ದರೆ ಅಂಕ ಹೋಗುತ್ತದೆಯೇ ಎಂಬ ಭಯವಿದೆ. ನಾನು ಸಸ್ಯಾಹಾರಿ ಎಂಬುದು ಅಮ್ಮನ ಚಿಂತೆ. ಏನೇನು ತಯಾರಿ ಮಾಡಿಕೊಳ್ಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಭಾಷೆಯ ಭಯವೇ ಎದ್ದು ಕಾಣುತ್ತದೆ. ಹದಿನಾಲ್ಕು ವರ್ಷಗಳ ಹಿಂದೆ ನಾನು ಧಾರವಾಡದಿಂದ ಇಂಥದೇ ಒಪ್ಪಂದದಡಿ ಜಪಾನಿಗೆ ಹೊರಟಾಗ ನನ್ನನ್ನು ಕಾಡಿದ್ದೂ ಅದೇ. ಈಗ ಪ್ರತಿ ವರ್ಷ ಅಲ್ಲಿಗೆ ಹೊರಡುವವರಿಗೆ ಭಾಷೆ ಕಲಿಸುತ್ತಾ, ಅವರು ಅಲ್ಲಿಂದ ಬರೆಯುವ ಪತ್ರಗಳನ್ನು ಓದುತ್ತಾ ನನಗೆ ಖಚಿತವಾಗಿರುವ ಸಂಗತಿಯೆಂದರೆ, ನಮ್ಮ ಮಕ್ಕಳು ಭಾಷೆಯಲ್ಲಿ ಎಡವುವುದಕ್ಕಿಂತ ಹೆಚ್ಚಾಗಿ ಮೊದಲ ಎರಡು ವಾರದ ವಿಷಯ ನೋಂದಣಿಯಲ್ಲಿ ಎಡವುತ್ತಾರೆ. ಭಾಷೆಯನ್ನು ವರ್ಷವಿಡೀ ತಿದ್ದಿಕೊಳ್ಳಬಹುದು. ತಪ್ಪಾಗಿ ನೋಂದಾಯಿಸಿದ ವಿಷಯಪಟ್ಟಿಯನ್ನು ಮಾತ್ರ ಆ ಸೆಮಿಸ್ಟರ್ ಮುಗಿಯುವವರೆಗೆ ಹೊತ್ತುಕೊಂಡೇ ನಡೆಯಬೇಕಾಗುತ್ತದೆ. ಆದ್ದರಿಂದ ಆ ಎರಡು ವಾರಗಳ ಬಗ್ಗೆಯೇ ವಿವರವಾಗಿ ಬರೆಯುತ್ತೇನೆ.

ಮೊದಲು ಕಾಗದಪತ್ರಗಳ ಮಾತನ್ನು ಬೇಗ ಮುಗಿಸಿಬಿಡೋಣ. ಪ್ರಮಾಣಪತ್ರ ಬಂದಿರುವುದರಿಂದ ಇನ್ನು ವೀಸಾ ಅಂಟಿಸಿಕೊಳ್ಳುವುದಷ್ಟೇ ಉಳಿದಿದೆ. ನೀವು ಒಸಾಕಾ ಬಳಿಯ ಕಾನ್ಸಾಯ್ ವಿಮಾನ ನಿಲ್ದಾಣದಲ್ಲಿ ಇಳಿದರೆ, ವಲಸೆ ಕೌಂಟರಿನಲ್ಲೇ ನಿಮ್ಮ ವಾಸದ ಕಾರ್ಡನ್ನು, ಅಂದರೆ ಅಲ್ಲಿನವರು ‘ಝಾಯ್‌ರ್ಯೂ ಕಾರ್ಡ್’ ಎನ್ನುವುದನ್ನು, ಮುದ್ರಿಸಿ ಕೊಡುತ್ತಾರೆ. ಅದನ್ನು ಸದಾ ಮೈಮೇಲೆ ಇಟ್ಟುಕೊಂಡಿರಬೇಕು ಎಂಬುದು ಕಾನೂನು. ಹಾಸ್ಟೆಲ್ ಸೇರಿದ 14 ದಿನಗಳೊಳಗೆ ನಿಮ್ಮ ವಾರ್ಡಿನ ಕಚೇರಿಗೆ ಹೋಗಿ ವಿಳಾಸ ದಾಖಲಿಸಬೇಕು. ಕಾರ್ಡಿನ ಹಿಂಬದಿಯಲ್ಲಿ ವಿಳಾಸವನ್ನು ಬರೆದುಕೊಡುತ್ತಾರೆ. ಅದೇ ಕಚೇರಿಯಲ್ಲಿ ಅದೇ ದಿನ ರಾಷ್ಟ್ರೀಯ ಆರೋಗ್ಯ ವಿಮೆಗೂ ಸೇರಿಕೊಳ್ಳಿ, ಏಕೆಂದರೆ ಮೂರು ತಿಂಗಳಿಗಿಂತ ಹೆಚ್ಚು ಇರುವವರಿಗೆ ಅದು ಕಡ್ಡಾಯ, ಮತ್ತು ಆಸ್ಪತ್ರೆಯ ಖರ್ಚಿನಲ್ಲಿ ನಿಮ್ಮ ಪಾಲು ಶೇಕಡಾ 30ಕ್ಕೆ ಇಳಿಯುತ್ತದೆ. ನಿಮಗೆ 20 ವರ್ಷ ತುಂಬಿದ್ದರೆ ರಾಷ್ಟ್ರೀಯ ಪಿಂಚಣಿಯ ಲೆಕ್ಕಕ್ಕೂ ನೀವು ಬರುತ್ತೀರಿ. ಗಾಬರಿಯಾಗದೆ, ವಂತಿಗೆಯಿಂದ ವಿನಾಯಿತಿ ಕೋರುವ ಅರ್ಜಿಯ ಬಗ್ಗೆ ಅಲ್ಲೇ ವಿಚಾರಿಸಿ. ಈ ಕಚೇರಿಯ ಕೆಲಸಕ್ಕೆ ಅರ್ಧ ದಿನ ಬೇಕಾಗುತ್ತದೆ, ಆದ್ದರಿಂದ ತರಗತಿ ಶುರುವಾಗುವ ಮುನ್ನವೇ ಮುಗಿಸಿಕೊಳ್ಳುವುದು ಲೇಸು. ಕಾರ್ಡಿನ ಮೇಲೆ ವಿಳಾಸ ಬೀಳುವವರೆಗೆ ಬ್ಯಾಂಕ್ ಖಾತೆಯಾಗಲಿ ಮೊಬೈಲ್ ಸಂಪರ್ಕವಾಗಲಿ ಸಿಗುವುದು ಕಷ್ಟ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಜಪಾನಿನ ಶೈಕ್ಷಣಿಕ ವರ್ಷ ಏಪ್ರಿಲಿನಲ್ಲಿ ಆರಂಭವಾಗುತ್ತದೆ. ಅಂದರೆ ನೀವು ಅಲ್ಲಿಗೆ ಕಾಲಿಡುವುದು ಎರಡನೆಯ ಸೆಮಿಸ್ಟರಿನ ಬಾಗಿಲಿಗೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಅರ್ಧ ಗೊಂದಲ ಪರಿಹಾರವಾಗುತ್ತದೆ. ವರ್ಷಪೂರ್ತಿ ನಡೆಯುವ ವಿಷಯಗಳು ಏಪ್ರಿಲಿನಲ್ಲೇ ಆರಂಭವಾಗಿರುವುದರಿಂದ ಅವುಗಳಿಗೆ ಅಕ್ಟೋಬರಿನಲ್ಲಿ ಸೇರುವುದು ಸಾಮಾನ್ಯವಾಗಿ ಆಗದು. ಹೆಸರಿನ ಮುಂದೆ ‘ಎರಡು’ ಎಂದಿರುವ ವಿಷಯಗಳು ಬಹುಮಟ್ಟಿಗೆ ವಸಂತದಲ್ಲಿ ‘ಒಂದು’ ಓದಿದವರಿಗಾಗಿ ಇರುತ್ತವೆ. ಅಂಥದನ್ನು ಆರಿಸುವ ಮುನ್ನ ಆ ಅಧ್ಯಾಪಕರಿಗೆ ಒಂದು ಸಣ್ಣ ಇಮೇಲ್ ಬರೆದು, ಬೆಂಗಳೂರಿನಲ್ಲಿ ನೀವು ಓದಿರುವ ಪಠ್ಯವನ್ನು ತಿಳಿಸಿ, ಸೇರಬಹುದೇ ಎಂದು ಕೇಳಿ. ಪತ್ರದಲ್ಲಿ ನಿಮ್ಮ ವಿದ್ಯಾರ್ಥಿ ಸಂಖ್ಯೆ, ವಿಷಯದ ಹೆಸರು, ತರಗತಿ ನಡೆಯುವ ದಿನ ಮತ್ತು ಪೀರಿಯಡ್ ಇರಲೇಬೇಕು. ನೂರಾರು ವಿದ್ಯಾರ್ಥಿಗಳಿರುವ ಅಧ್ಯಾಪಕರಿಗೆ ನಿಮ್ಮನ್ನು ಗುರುತಿಸಲು ಇರುವ ದಾರಿ ಅದೊಂದೇ.

ಅಲ್ಲಿ ಒಂದು ಪೀರಿಯಡ್ಡನ್ನು ‘ಕೊಮ’ ಎನ್ನುತ್ತಾರೆ. ಹೆಚ್ಚಿನ ಕಡೆ ಒಂದು ಕೊಮ ಎಂದರೆ 90 ನಿಮಿಷ. ಕೆಲವು ವಿಶ್ವವಿದ್ಯಾಲಯಗಳು ಇದನ್ನು ಹಿಗ್ಗಿಸಿವೆ, ಟೋಕಿಯೋ ವಿಶ್ವವಿದ್ಯಾಲಯದಲ್ಲಿ 105 ನಿಮಿಷ, ವಾಸೆದಾದಲ್ಲಿ 2023ರಿಂದ 100 ನಿಮಿಷ. ನಮ್ಮಲ್ಲಿ ಒಂದೇ ವಿಷಯದ ಪಾಠ ವಾರದಲ್ಲಿ ಮೂರು ನಾಲ್ಕು ಬಾರಿ ನಡೆದರೆ, ಅಲ್ಲಿ ಉಪನ್ಯಾಸದ ವಿಷಯ ಸಾಮಾನ್ಯವಾಗಿ ವಾರಕ್ಕೆ ಒಂದೇ ಬಾರಿ. ಹೀಗಾಗಿ ವೇಳಾಪಟ್ಟಿ ನೋಡಿದ ತಕ್ಷಣ ‘ಇಷ್ಟೊಂದು ಬಿಡುವೇ’ ಎನಿಸುತ್ತದೆ, ಮತ್ತು ಅಲ್ಲೇ ಮೋಸಹೋಗುತ್ತಾರೆ. ಅವರ ಲೆಕ್ಕ ಬೇರೆ: 1 ಕ್ರೆಡಿಟ್ ಎಂದರೆ 45 ಗಂಟೆಗಳ ಕಲಿಕೆ. 90 ನಿಮಿಷದ ಪಾಠವನ್ನು 2 ಗಂಟೆ ಎಂದು ಹಿಡಿದು, 15 ವಾರಗಳಿಗೆ 30 ಗಂಟೆ ತರಗತಿ, ಅದರ ಮೇಲೆ 60 ಗಂಟೆ ನೀವೇ ಕುಳಿತು ಓದುವುದು, ಒಟ್ಟು 90 ಗಂಟೆಗೆ 2 ಕ್ರೆಡಿಟ್. ಅಂದರೆ ಪ್ರತಿ ಉಪನ್ಯಾಸದ ಬೆನ್ನಿಗೆ ವಾರಕ್ಕೆ ನಾಲ್ಕು ಗಂಟೆಯ ಓದು ಇದೆ ಎಂದು ನಂಬಿಯೇ ಪಠ್ಯವನ್ನು ರಚಿಸಿರುತ್ತಾರೆ. ಭಾಷಾ ತರಗತಿಗಳಿಗೆ ಅಷ್ಟೇ ಹೊತ್ತು ಕುಳಿತರೂ ಅನೇಕ ಕಡೆ 1 ಕ್ರೆಡಿಟ್ ಮಾತ್ರ ಸಿಗುತ್ತದೆ. ನಿಮ್ಮ ಬೆಂಗಳೂರಿನ ವಿಭಾಗ ಎಷ್ಟು ಕ್ರೆಡಿಟ್ ನಿರೀಕ್ಷಿಸುತ್ತದೆ, ಭಾಷಾ ಕ್ರೆಡಿಟ್ಟನ್ನು ಒಪ್ಪುತ್ತದೆಯೇ ಎಂಬುದನ್ನು ಹೊರಡುವ ಮುನ್ನವೇ ಬರಹದಲ್ಲಿ ಪಡೆದುಕೊಳ್ಳಿ. ಮರಳಿ ಬಂದ ಮೇಲೆ ಬಾಯಿಮಾತಿನ ಭರವಸೆ ಯಾರ ನೆನಪಿನಲ್ಲೂ ಉಳಿದಿರುವುದಿಲ್ಲ, ಇದನ್ನು ನಾನು ನನ್ನದೇ ಅನುಭವದಿಂದ ಹೇಳುತ್ತಿದ್ದೇನೆ. ಒಂದಿಡೀ ಸೆಮಿಸ್ಟರಿನ ಅಂಕಪಟ್ಟಿಯನ್ನು ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದಿದ್ದೇನೆ.

ಎಷ್ಟು ವಿಷಯ ತೆಗೆದುಕೊಳ್ಳಬೇಕು ಎಂದು ಕೇಳಿದ್ದೀರಿ. ಕನಿಷ್ಠ ಮಿತಿಯನ್ನು ಬಹುತೇಕ ವಿಶ್ವವಿದ್ಯಾಲಯಗಳೇ ನಿಗದಿ ಮಾಡಿರುತ್ತವೆ: ವಿದ್ಯಾರ್ಥಿ ವೀಸಾದಲ್ಲಿ ಇರುವ, ಪದವಿಗೆ ಸೇರದ ವಿದ್ಯಾರ್ಥಿಗಳು ವಾರಕ್ಕೆ ಕನಿಷ್ಠ 10 ಗಂಟೆಯ ತರಗತಿಯಲ್ಲಿರಬೇಕು ಎಂಬ ನಿಯಮವನ್ನು ಆಧರಿಸಿ ವಿನಿಮಯ ವಿದ್ಯಾರ್ಥಿಗಳಿಗೂ 7 ಕೊಮ ಬೇಕೆನ್ನುತ್ತಾರೆ. ನನ್ನ ಸಲಹೆ, ಮೊದಲ ಸೆಮಿಸ್ಟರಿನಲ್ಲಿ 8 ಕೊಮಗಳನ್ನು ದಾಟಬೇಡಿ. 7 ಮಾತ್ರ ಇಟ್ಟುಕೊಂಡು ಅದರಲ್ಲಿ ಒಂದು ಕೈಕೊಟ್ಟರೆ ಮಿತಿಗಿಂತ ಕೆಳಗೆ ಇಳಿಯುತ್ತೀರಿ. 12 ಹಾಕಿಕೊಂಡ ಜಾಣರು ಡಿಸೆಂಬರಿನ ಹೊತ್ತಿಗೆ ವರದಿಗಳ ಅಡಿಯಲ್ಲಿ ಸಿಕ್ಕಿಕೊಂಡದ್ದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಆರಿಸುವ ಕ್ರಮವೂ ಮುಖ್ಯ. ಹೋದ ಮೊದಲ ದಿನಗಳಲ್ಲೇ ಜಪಾನಿ ಭಾಷೆಯ ಮಟ್ಟ ಅಳೆಯುವ ಪರೀಕ್ಷೆ ಇರುತ್ತದೆ. ಅದರ ಫಲಿತಾಂಶ ಬಂದ ಮೇಲೆ ನಿಮ್ಮ ಭಾಷಾ ತರಗತಿಯ ಪೀರಿಯಡ್‌ಗಳು ನಿಗದಿಯಾಗುತ್ತವೆ, ಅವು ಕದಲುವುದಿಲ್ಲ. ಆದ್ದರಿಂದ ಅವನ್ನು ಮೊದಲು ವೇಳಾಪಟ್ಟಿಯಲ್ಲಿ ಬರೆದುಕೊಂಡು, ಉಳಿದ ಖಾಲಿ ಜಾಗದಲ್ಲಿ ಇಂಗ್ಲಿಷಿನಲ್ಲಿ ನಡೆಯುವ ಅರ್ಥಶಾಸ್ತ್ರದ ವಿಷಯಗಳನ್ನು ಕೂರಿಸಿ. ಈ ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದ ಕಡೆ ಊಹೆಯಿಂದ ಗುರುತು ಹಾಕಬೇಡಿ. ಅದೃಷ್ಟದಿಂದ ಒಂದು ಮಟ್ಟ ಮೇಲೆ ಹೋಗಿ ಕುಳಿತರೆ ಆ ಆರು ತಿಂಗಳು ಪಕ್ಕದವರ ಪುಸ್ತಕ ನೋಡುವುದರಲ್ಲೇ ಕಳೆಯುತ್ತದೆ.

ಎಲ್ಲ ವಿಷಯಗಳ ಪಠ್ಯವಿವರವೂ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಸಿಗುತ್ತದೆ. ಅದನ್ನು ನಮ್ಮಲ್ಲಿಯಂತೆ ಪರೀಕ್ಷೆಗೆ ಮೊದಲು ತಿರುವಿ ಹಾಕುವ ಕಾಗದ ಎಂದುಕೊಳ್ಳಬೇಡಿ. ವಾರವಾರದ ಪಾಠ, ಅಂಕದ ಹಂಚಿಕೆ, ಗೈರುಹಾಜರಿಯ ನಿಯಮ, ಕೃತಕ ಬುದ್ಧಿಮತ್ತೆಯನ್ನು ಬಳಸಬಹುದೇ ಎಂಬ ಸೂಚನೆ, ಹೀಗೆ ಅಧ್ಯಾಪಕರು ಅದರಲ್ಲಿ ಬರೆದದ್ದನ್ನೇ ನಡೆಸುತ್ತಾರೆ. ಅಂಕದ ಹಂಚಿಕೆಯಲ್ಲಿ ‘ಹೆಯ್‌ಜೋತೆನ್’ ಎಂಬ ಮಾತು ಕಂಡರೆ ಅದು ದಿನದಿನದ ಪಾಲ್ಗೊಳ್ಳುವಿಕೆಗೆ ಇಟ್ಟಿರುವ ಅಂಕ. ಶೇಕಡಾ 30, 40 ಹೀಗೆ ಅದಕ್ಕೇ ಮೀಸಲಾಗಿರುವ ವಿಷಯಗಳು ಬಹಳ. ಹೊಸಬರಿಗೆ ನಾನು ಅಂಥ ವಿಷಯಗಳನ್ನೇ ಸೂಚಿಸುತ್ತೇನೆ. ಕೊನೆಯ ಒಂದೇ ಪರೀಕ್ಷೆಯ ಮೇಲೆ ಎಲ್ಲ ಅಂಕವೂ ನಿಂತಿರುವ ವಿಷಯವನ್ನು ನಿಮ್ಮ ಎರಡನೆಯ ಸೆಮಿಸ್ಟರಿಗೆ, ಅಂದರೆ ಏಪ್ರಿಲಿಗೆ, ಬಿಡಿ. ಮೊದಲ ವಾರದ ತರಗತಿಗಳಲ್ಲಿ ಹೆಚ್ಚಾಗಿ ಪಠ್ಯದ ಪರಿಚಯವೇ ನಡೆಯುತ್ತದೆ, ಆದ್ದರಿಂದ ಬೇಕೆನಿಸಿದ ಹತ್ತು ಹನ್ನೊಂದು ತರಗತಿಗಳಿಗೆ ಹೋಗಿ ಕುಳಿತು ನೋಡಿ, ಆಮೇಲೆ ‘ರಿಶೂ ತೋರೊಕು’ ಎಂಬ ವಿಷಯ ನೋಂದಣಿಯನ್ನು ಆನ್‌ಲೈನಿನಲ್ಲಿ ಮುಗಿಸಿ. ಕೆಲವು ಜನಪ್ರಿಯ ವಿಷಯಗಳಿಗೆ ಮೊದಲ ತರಗತಿಗೂ ಮುನ್ನವೇ ಚೀಟಿ ಎತ್ತುವ ಪದ್ಧತಿ ಇದೆ. ನೋಂದಣಿಯ ಕೊನೆಯ ದಿನ ಸಂಜೆ 5 ಗಂಟೆ ಎಂದಿದ್ದರೆ 5 ಗಂಟೆ 1 ನಿಮಿಷಕ್ಕೆ ಆ ಪುಟ ತೆರೆಯುವುದಿಲ್ಲ, ಕಚೇರಿಯವರೂ ತೆರೆದುಕೊಡುವುದಿಲ್ಲ. ‘ಸಾರ್, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ’ ಎಂಬ ನಮ್ಮ ಮಾತಿಗೆ ಅಲ್ಲಿ ಜಾಗವಿಲ್ಲ. ನೋಂದಣಿಯ ನಂತರ ಬರುವ ದೃಢೀಕರಣದ ಪುಟವನ್ನು ಉಳಿಸಿಟ್ಟುಕೊಳ್ಳಿ. ಪಟ್ಟಿಯಲ್ಲಿ ಇಲ್ಲದ ವಿಷಯಕ್ಕೆ ನೀವು 15 ವಾರ ಬಂದಿದ್ದರೂ ಅಂಕ ಬರುವುದಿಲ್ಲ.

ಈಗ ತರಗತಿಯಲ್ಲಿ ಮಾತನಾಡುವ ಭಯ. ಜಪಾನಿನ ದೊಡ್ಡ ಉಪನ್ಯಾಸ ಕೊಠಡಿಯಲ್ಲಿ ಯಾರೂ ಮಾತನಾಡುವುದಿಲ್ಲ. ಮುಂದಿನ ಎರಡು ಸಾಲು ಖಾಲಿ ಇರುತ್ತದೆ, ಅಧ್ಯಾಪಕರು ಕೊನೆಯಲ್ಲಿ ‘ಪ್ರಶ್ನೆಗಳಿವೆಯೇ’ ಎಂದು ಕೇಳುತ್ತಾರೆ, ಅರವತ್ತು ಜನ ತಲೆ ತಗ್ಗಿಸುತ್ತಾರೆ. ಈ ಮೌನವನ್ನು ನಿರಾಸಕ್ತಿ ಎಂದೋ ಪರದೇಶದವರ ಬಗ್ಗೆ ಇರುವ ತಾತ್ಸಾರ ಎಂದೋ ನೀವು ಅರ್ಥ ಮಾಡಿಕೊಂಡರೆ ಬಹಳ ನೊಂದುಕೊಳ್ಳುತ್ತೀರಿ. ಅವರ ಮಾತು ಬೇರೆ ಕಡೆ ನಡೆಯುತ್ತಿರುತ್ತದೆ, ಒಂದು ಕಾಗದದ ಮೇಲೆ.

ನನ್ನ ಎರಡನೆಯ ತರಗತಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಧಾರವಾಡದ ಅಭ್ಯಾಸದಂತೆ ಪಾಠದ ನಡುವೆಯೇ ಕೈಯೆತ್ತಿ ಪ್ರಶ್ನೆ ಕೇಳಿದೆ. ಅಧ್ಯಾಪಕರು ಒಂದು ಗಳಿಗೆ ಸುಮ್ಮನಿದ್ದು, ಒಳ್ಳೆಯ ಪ್ರಶ್ನೆ ಎಂದಷ್ಟೇ ಹೇಳಿ ಪಾಠ ಮುಂದುವರಿಸಿದರು. ನನಗೆ ಮುಖಭಂಗವಾದಂತೆ ಆಯಿತು. ಗಂಟೆ ಮುಗಿಯಲು ಹತ್ತು ನಿಮಿಷ ಇರುವಾಗ ಅಂಗೈಯಗಲಕ್ಕಿಂತ ಸ್ವಲ್ಪ ದೊಡ್ಡ ಚೀಟಿಗಳನ್ನು ಹಂಚಿದರು. ಮೇಲ್ಗಡೆ ವಿದ್ಯಾರ್ಥಿ ಸಂಖ್ಯೆಗೆ, ಹೆಸರಿಗೆ ಒಂದೊಂದು ಚೌಕ, ಕೆಳಗೆ ಎಂಟು ಹತ್ತು ಗೆರೆ. ಸುತ್ತಲೂ ಪೆನ್ಸಿಲಿನ ಸದ್ದು ಮಾತ್ರ ಕೇಳುತ್ತಿತ್ತು. ತುಟಿಪಿಟಕ್ಕೆನ್ನದೆ ಕುಳಿತಿದ್ದ ಪಕ್ಕದ ಹುಡುಗ ಗೆರೆ ಮುಗಿದು ಹಿಂಬದಿಗೂ ಬರೆಯುತ್ತಿದ್ದ. ನಾನು ನನ್ನ ಪ್ರಶ್ನೆಯನ್ನೇ ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಮುಂದಿನ ವಾರ ಅಧ್ಯಾಪಕರು ಹೆಸರು ಹೇಳದೆ ನಾಲ್ಕು ಚೀಟಿಗಳನ್ನು ಓದಿ ಒಂದೊಂದಕ್ಕೂ ಉತ್ತರ ಕೊಟ್ಟರು, ನನ್ನದಕ್ಕೆ ಕಾಲು ಗಂಟೆ. ಅಂದಿನಿಂದ ನನಗೆ ಆ ಕೊಠಡಿ ಅಪರಿಚಿತ ಎನಿಸಲಿಲ್ಲ.

ಇದನ್ನು ‘ರಿಯಾಕ್ಷನ್ ಪೇಪರ್’ ಎನ್ನುತ್ತಾರೆ. ಈಗ ಎಷ್ಟೋ ಕಡೆ ಚೀಟಿಯ ಬದಲು ಆನ್‌ಲೈನಿನಲ್ಲಿ ಅದೇ ದಿನ ಬರೆದು ಕಳಿಸುವ ಏರ್ಪಾಡಿದೆ. ಹಾಜರಿಯೂ, ಪಾಲ್ಗೊಳ್ಳುವಿಕೆಯ ಅಂಕವೂ ಬಹುಮಟ್ಟಿಗೆ ಇದರಿಂದಲೇ ಲೆಕ್ಕವಾಗುತ್ತವೆ. ಪಾಠದ ಸಾರಾಂಶವನ್ನು ಅದರಲ್ಲಿ ಬರೆಯಬೇಡಿ, ಅದು ಅವರಿಗೆ ಗೊತ್ತೇ ಇದೆ. ಪಾಠದ ಒಂದು ಮಾತನ್ನು ಹಿಡಿದು, ಅದು ನೀವು ಕಂಡ ಜಗತ್ತಿಗೆ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಐದು ವಾಕ್ಯ ಬರೆಯಿರಿ. ಕೃಷಿ ಸಹಕಾರ ಸಂಘಗಳ ಬಗ್ಗೆ ಪಾಠವಾದ ದಿನ ಹಾಸನದ ಹಾಲಿನ ಡೇರಿಯ ಬಗ್ಗೆ ಬರೆಯಬಲ್ಲವರು ಆ ಕೊಠಡಿಯಲ್ಲಿ ನೀವೊಬ್ಬರೇ ಇರುತ್ತೀರಿ. ನೇರವಾಗಿ ಮಾತನಾಡಬೇಕೆನಿಸಿದರೆ ಪಾಠ ಮುಗಿದ ಮೇಲೆ ಮೇಜಿನ ಬಳಿ ಹೋಗಿ ನಿಲ್ಲಿ, ಅಲ್ಲಿ ಎಲ್ಲರೂ ಅದನ್ನೇ ಮಾಡುತ್ತಾರೆ. ಇಪ್ಪತ್ತು ಜನರಿಗಿಂತ ಕಡಿಮೆ ಇರುವ ‘ಝೆಮಿ’ ಎಂಬ ಸೆಮಿನಾರ್ ತರಗತಿಗಳಲ್ಲಿ ಮಾತ್ರ ಬಾಯಿ ತೆರೆಯಲೇಬೇಕು, ಅಲ್ಲಿ ಸುಮ್ಮನಿದ್ದರೆ ಅಂಕ ಹೋಗುತ್ತದೆ.

ಹಾಜರಿಯ ಬಗ್ಗೆ ಕಟ್ಟುನಿಟ್ಟಾಗಿರಿ. ಮೂರನೆಯ ಎರಡು ಭಾಗ ಹಾಜರಿ ಇಲ್ಲದವರಿಗೆ ಕ್ರೆಡಿಟ್ ಇಲ್ಲ ಎಂಬುದು ಸಾಮಾನ್ಯ ನಿಯಮ. ಮೂರು ಸಲ ತಡವಾದರೆ ಒಂದು ಗೈರುಹಾಜರಿ ಎಂದು ಲೆಕ್ಕ ಹಾಕುವ ಅಧ್ಯಾಪಕರೂ ಇದ್ದಾರೆ. ರೈಲು ತಡವಾದರೆ ನಿಲ್ದಾಣದಲ್ಲಿ ಅಥವಾ ರೈಲ್ವೆಯ ಜಾಲತಾಣದಲ್ಲಿ ‘ಚಿಯೆನ್ ಶೋಮೆಯ್‌ಶೊ’ ಎಂಬ ವಿಳಂಬದ ಪ್ರಮಾಣಪತ್ರ ಸಿಗುತ್ತದೆ, ಅದನ್ನು ತಂದು ಕೊಡಿ. ಶೈಕ್ಷಣಿಕ ಕ್ಯಾಲೆಂಡರನ್ನು ಗೋಡೆಗೆ ಅಂಟಿಸಿಕೊಳ್ಳಿ, ಏಕೆಂದರೆ 15 ವಾರಗಳನ್ನು ತುಂಬಿಸಲು ಸೋಮವಾರದ ಸರ್ಕಾರಿ ರಜೆಗಳಲ್ಲೂ ತರಗತಿ ನಡೆಸುತ್ತಾರೆ, ಕೆಲವೊಮ್ಮೆ ಬುಧವಾರವೋ ಗುರುವಾರವೋ ‘ಇಂದು ಸೋಮವಾರದ ವೇಳಾಪಟ್ಟಿ’ ಎಂದು ಘೋಷಿಸಿರುತ್ತಾರೆ. ದೀಪಾವಳಿಗೆ ರಜೆಯಿಲ್ಲ. ಊರಿನಲ್ಲಿ ಮದುವೆ ಇದೆಯೆಂದು ನಡುವೆ ಬರುವುದಾದರೆ ಡಿಸೆಂಬರ್ ಕೊನೆಯ ಚಳಿಗಾಲದ ರಜೆಗೇ ಹೊಂದಿಸಿಕೊಳ್ಳಿ, ಮತ್ತು ವಿಮಾನ ನಿಲ್ದಾಣದಿಂದ ಹೊರಡುವಾಗ ತುಂಬುವ ಚೀಟಿಯಲ್ಲಿ ‘ಮರಳಿ ಬರುತ್ತೇನೆ’ ಎಂಬ ಚೌಕಕ್ಕೆ ಗುರುತು ಹಾಕುವುದನ್ನು ಮರೆಯಬೇಡಿ. ಆ ಗುರುತಿಲ್ಲದೆ ಹೊರಟರೆ ನಿಮ್ಮ ವಾಸದ ಹಕ್ಕು ಅಲ್ಲಿಗೇ ಮುಗಿದು, ಮತ್ತೆ ಮೊದಲಿನಿಂದ ವೀಸಾ ಮಾಡಿಸಬೇಕಾಗುತ್ತದೆ. ವಿದ್ಯಾರ್ಥಿವೇತನ ಇರುವವರು, ಉದಾಹರಣೆಗೆ ಜಪಾನಿನ ವಿದ್ಯಾರ್ಥಿ ಸೇವಾ ಸಂಸ್ಥೆಯಾದ ಜಾಸ್ಸೋ ಕೊಡುವ ತಿಂಗಳಿಗೆ 80,000 ಯೆನ್ ವೇತನದವರು, ಪ್ರತಿ ತಿಂಗಳೂ ಕಚೇರಿಗೆ ಹೋಗಿ ಸಹಿ ಹಾಕಬೇಕು. ಮೊದಲ ಕಂತು ಕೈಸೇರಲು ಕೆಲವು ವಾರ ಹಿಡಿಯುವುದರಿಂದ ಅಷ್ಟು ದಿನಕ್ಕೆ ಸಾಲುವಷ್ಟು ಹಣ ಜೊತೆಗಿರಲಿ. ಅರೆಕಾಲಿಕ ಕೆಲಸಕ್ಕೆ ಅನುಮತಿ ಪಡೆದರೆ ವಾರಕ್ಕೆ 28 ಗಂಟೆಯವರೆಗೆ ದುಡಿಯಬಹುದು. ಆದರೆ ಮೊದಲ ಸೆಮಿಸ್ಟರಿನಲ್ಲಿ ಅದರ ಗೊಡವೆಗೆ ಹೋಗದಿದ್ದರೆ ನನಗೆ ಸಂತೋಷ.

ಇನ್ನು ನಿಮ್ಮ ಎನ್5. ಕನ್ನಡ ಬಲ್ಲವರಿಗೆ ಜಪಾನಿ ಭಾಷೆಯ ಒಳರಚನೆ ಅಚ್ಚರಿಯಷ್ಟು ಸುಲಭವಾಗಿ ಒಲಿಯುತ್ತದೆ, ಇಂಗ್ಲಿಷಿನ ಮೂಲಕ ಕಲಿಯುವುದನ್ನು ನಿಲ್ಲಿಸಿದರೆ. ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿ ನಾಮಪದದ ಹಿಂದೆ ಅಂಟಿಕೊಳ್ಳುತ್ತದೆ. ‘ತಿಂದು ನೋಡು’ ಎಂಬಲ್ಲಿ ನಾವು ‘ನೋಡು’ ಎನ್ನುವುದು ಕಣ್ಣಿನಿಂದ ನೋಡುವುದಕ್ಕಲ್ಲವಷ್ಟೆ. ಅವರೂ ಹಾಗೆಯೇ ‘ತಬೆತೆ ಮಿರು’ ಎನ್ನುತ್ತಾರೆ, ‘ಮಿರು’ ಎಂದರೆ ನೋಡುವುದು. ನಮ್ಮ ‘ತಿಂದುಬಿಟ್ಟೆ’ ಅವರ ‘ತಬೆತೆ ಶಿಮತ್ತ’, ನಮ್ಮ ‘ಮಾಡಿಡು’ ಅವರ ‘ಶಿತೆ ಒಕು’. ಇಂಗ್ಲಿಷ್ ಮಾತೃಭಾಷೆಯವರು ತಿಂಗಳುಗಟ್ಟಲೆ ತಡಕಾಡುವ ಈ ಪ್ರಯೋಗಗಳನ್ನು ನೀವು ಕನ್ನಡದಲ್ಲಿ ಯೋಚಿಸಿದರೆ ಒಂದು ಮಧ್ಯಾಹ್ನದಲ್ಲಿ ಹಿಡಿಯಬಹುದು. ಉಚ್ಚಾರದಲ್ಲೂ ಹ್ರಸ್ವ ದೀರ್ಘ, ಒತ್ತಕ್ಷರ ನಮಗೆ ಹೊಸತಲ್ಲ: ‘ಒಬಸನ್’ ಎಂದರೆ ಅತ್ತೆ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ, ‘ಕಿತೆ’ ಎಂದರೆ ಬಾ, ‘ಕಿತ್ತೆ’ ಎಂದರೆ ಅಂಚೆಚೀಟಿ. ನಿಮ್ಮ ಕಷ್ಟವೆಲ್ಲ ಕಾಂಜಿ ಎಂಬ ಚೀನಾ ಮೂಲದ ಅಕ್ಷರಗಳಲ್ಲಿ ಇರುತ್ತದೆ, ಹೊರಡುವ ಮೊದಲು ದಿನಕ್ಕೆ ಐದರಂತೆ ಬರೆದು ಕಲಿಯಿರಿ.

ಹೆಸರಿನ ಬಗ್ಗೆ ಒಂದು ಮಾತು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಅಲ್ಲಿ ಕುಲನಾಮಕ್ಕೆ ‘ಸಾನ್’ ಸೇರಿಸಿ ಕರೆಯುತ್ತಾರೆ. ನಮ್ಮಲ್ಲಿ ಅನೇಕರ ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗದಲ್ಲಿ ತಂದೆಯ ಹೆಸರಿರುತ್ತದೆ, ಆದ್ದರಿಂದ ಕಾವ್ಯಾ ನಂಜುಂಡಪ್ಪ ಎಂಬ ಹುಡುಗಿ ಇಡೀ ವರ್ಷ ‘ನಂಜುಂಡಪ್ಪ ಸಾನ್’ ಆಗಿಬಿಡುತ್ತಾಳೆ. ಮೊದಲ ದಿನವೇ ಯಾವ ಹೆಸರಿನಿಂದ ಕರೆಯಬೇಕೆಂದು ಹೇಳಿದರೆ ಸಂತೋಷದಿಂದ ಒಪ್ಪುತ್ತಾರೆ. ನಿಮ್ಮ ಹೆಸರನ್ನು ಕತಕಾನ ಲಿಪಿಯಲ್ಲಿ ಹೇಗೆ ಬರೆಯುವುದೆಂದು ಈಗಲೇ ತೀರ್ಮಾನಿಸಿಕೊಳ್ಳಿ. ಆ ಲಿಪಿಯಲ್ಲಿ ‘ಲ’ ಮತ್ತು ‘ರ’ ಒಂದೇ, ಲಲಿತಾ ಅಲ್ಲಿ ರರಿತಾ ಆಗುತ್ತಾಳೆ. ವಾರ್ಡಿನ ಕಚೇರಿ, ಬ್ಯಾಂಕ್, ವಿಶ್ವವಿದ್ಯಾಲಯ ಮೂರರಲ್ಲೂ ಅಕ್ಷರ ಅಕ್ಷರಕ್ಕೆ ಒಂದೇ ಇರಲಿ. ಒಂದು ದೀರ್ಘದ ಗೆರೆ ಹೆಚ್ಚು ಕಡಿಮೆಯಾದರೂ ವಿದ್ಯಾರ್ಥಿವೇತನದ ಹಣ ಖಾತೆಗೆ ಬೀಳದೆ ಹಿಂದಕ್ಕೆ ಹೋಗಬಹುದು.

ನಿಮ್ಮ ತಾಯಿಯವರಿಗೆ ಹೇಳಿ, ಹಸಿವಿನಿಂದ ಇರಬೇಕಾಗುವುದಿಲ್ಲ, ಆದರೆ ಅಡುಗೆ ಕಲಿತಿರಬೇಕು. ಮಾಂಸವಿಲ್ಲ ಎಂದ ಮಾತ್ರಕ್ಕೆ ಅಲ್ಲಿ ಸಸ್ಯಾಹಾರವಾಗುವುದಿಲ್ಲ, ತರಕಾರಿಯ ಸಾರಿನಲ್ಲೂ ಸಾಮಾನ್ಯವಾಗಿ ‘ದಶಿ’ ಎಂಬ ಮೀನಿನ ರಸ ಇರುತ್ತದೆ. ‘ನಿಕು ತೊ ಸಕನ ಗ ತಬೆರರೆಮಸೆನ್’, ಅಂದರೆ ಮಾಂಸ ಮತ್ತು ಮೀನು ತಿನ್ನುವುದಿಲ್ಲ, ಎಂದು ಹೇಳಿ ದಶಿಯ ಬಗ್ಗೆ ಬೇರೆಯಾಗಿಯೇ ವಿಚಾರಿಸಿ. ಮಧ್ಯಾಹ್ನ 12ಕ್ಕೆ ಎರಡನೆಯ ಪೀರಿಯಡ್ ಮುಗಿದೊಡನೆ ಕ್ಯಾಂಟೀನಿನ ಸಾಲು ಬಾಗಿಲಿನಾಚೆಗೂ ಬೆಳೆಯುತ್ತದೆ, ಹೀಗಾಗಿ ಡಬ್ಬಿ ಒಯ್ಯುವುದೇ ಅನುಕೂಲ. ಡಬ್ಬಿ ಒಯ್ಯುವುದು ಅಲ್ಲಿ ಎಲ್ಲರ ರೂಢಿ. ಅಲ್ಲಿನ ವಿದ್ಯುತ್ 100 ವೋಲ್ಟ್ ಆದ್ದರಿಂದ ಇಲ್ಲಿನ ಮಿಕ್ಸಿ, ಕುಕ್ಕರ್ ಒಯ್ಯಬೇಡಿ. ಸಾರಿನ ಪುಡಿ, ಹುಣಸೆಹಣ್ಣು, ಸಾಸಿವೆ ಸಾಕು.

ಕೊನೆಯದಾಗಿ ತಯಾರಿ. ಬೆಂಗಳೂರಿನ ಪಠ್ಯವಿವರಗಳ ಇಂಗ್ಲಿಷ್ ಪ್ರತಿ ಜೊತೆಗಿರಲಿ, ಕ್ಯೋಟೋದಲ್ಲಿ ಓದುವ ಪ್ರತಿ ವಿಷಯದ ಪಠ್ಯವಿವರವನ್ನೂ ಸೆಮಿಸ್ಟರ್ ನಡೆಯುತ್ತಿರುವಾಗಲೇ ಉಳಿಸಿಟ್ಟುಕೊಳ್ಳಿ, ಕ್ರೆಡಿಟ್ ವರ್ಗಾವಣೆಗೆ ಅದನ್ನೇ ಕೇಳುತ್ತಾರೆ. 4 ಸೆಂಟಿಮೀಟರ್ ಎತ್ತರ, 3 ಸೆಂಟಿಮೀಟರ್ ಅಗಲದ ಭಾವಚಿತ್ರಗಳನ್ನು ಹಾಸನದ ಸ್ಟುಡಿಯೋದಲ್ಲೇ ಒಂದು ಡಜನ್ ತೆಗೆಸಿಕೊಳ್ಳಿ, ಹಿಂಬದಿಯಲ್ಲಿ ಹೆಸರು ಬರೆದಿಡಿ. ಮೊದಲ ವಾರದಲ್ಲಿ ಅರ್ಜಿಗಳಿಗೆ ಅವು ಬೇಕಾಗುತ್ತವೆ, ಮತ್ತು ಅಲ್ಲಿನ ಯಂತ್ರದ ಪೆಟ್ಟಿಗೆಯಲ್ಲಿ ಕುಳಿತು ತೆಗೆಸಿದರೆ ಒಂದು ಹಾಳೆಗೆ ಸಾವಿರ ಯೆನ್ ಆಸುಪಾಸು ಆಗುತ್ತದೆ.